ನನ್ನ ಬಾಯಿಂದ ಕನ್ನಡ ಹೋದ ಮಳೆಗಾಲ

ಹೋದ ತಿಂಗಳು ತುಮಕೂರಿನಲ್ಲಿ, ನನ್ನ ಜೊತೆ ಬಹಳ ವರ್ಷ ಪಾಠ ಮಾಡಿದ ಗೆಳತಿಯೊಬ್ಬಳನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಪಕ್ಕದ ಮಂಚದ ಹುಡುಗಿಗೆ ಅವಳ ತಾಯಿ ಬಾರ್ಲಿ ಗಂಜಿ ಕುಡಿಸುತ್ತಿದ್ದಳು. ಉಪ್ಪಿಲ್ಲದ, ಹುಳಿಯಿಲ್ಲದ ಆ ಸಪ್ಪೆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಆ ಕಡೆ ತಿರುಗಿದೆ. ಆ ತಾಯಿಯ ಕೈಯಲ್ಲಿದ್ದ ಸಾಮಾನಿನ ಹೆಸರನ್ನು ಮನಸ್ಸಿನಲ್ಲೇ ಹುಡುಕಿದೆ. ಚಮಚ. ಆಮೇಲೆ ಲೋಟ, ಟವಲು, ಕಿಟಕಿ. ಎಲ್ಲ ಇದ್ದವು. ಒಂದೊಂದನ್ನೂ ಹೇಳಿಕೊಂಡ ಮೇಲೆಯೇ ಉಸಿರು ಸರಿಹೋದದ್ದು. ಮುಖ ಯಾಕೆ ಹೀಗಾಯಿತು ಎಂದು ಗೆಳತಿ ಕೇಳಿದಳು. ಸೆಕೆ ಎಂದೆ. ನಲವತ್ತು ವರ್ಷ ಕಳೆದರೂ ಆ ವಾಸನೆ ಬಂದರೆ ನಾನು ಹೀಗೆ ಮಾತುಗಳನ್ನು ತಡಕಿ ನೋಡಿಕೊಳ್ಳುತ್ತೇನೆ.

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಮಹಾರಾಜರ ಆಳ್ವಿಕೆ, ಎರಡನೆಯ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಮಧುಗಿರಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯಾಗಿದ್ದೆ. ಮದುವೆಯಾದ ಮೂರನೆಯ ವರ್ಷಕ್ಕೆ ನನ್ನ ಯಜಮಾನರು ವಾಂತಿಭೇದಿಯಲ್ಲಿ ತೀರಿಕೊಂಡಿದ್ದರು. ಅವರೂ ಮೇಷ್ಟರೇ. ಅವರು ಹೋದ ಮೇಲೆ ನಾನು ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿದಾಗ, ಪುರವರದಲ್ಲಿದ್ದ ನನ್ನ ಅತ್ತೆ ಸಿದ್ದಮ್ಮ ತಮ್ಮ ಹಿರಿಯ ಮಗನ ಮನೆ ಬಿಟ್ಟು ನನ್ನ ಜೊತೆಗೆ ಬಂದರು. ಒಂಟಿ ಹೆಂಗಸನ್ನು ಪರವೂರಿನಲ್ಲಿ ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಬೆಟ್ಟದ ಕೆಳಗಿನ ಬೀದಿಯಲ್ಲಿ ಅರ್ಧ ಮನೆ ಬಾಡಿಗೆಗೆ ಹಿಡಿದಿದ್ದೆವು. ಹಿತ್ತಲಿಗೆ ಬಂದರೆ ಇಡೀ ಬೆಟ್ಟ ತಲೆಯ ಮೇಲೆ ಬಾಗಿ ನೋಡುತ್ತಿರುವ ಹಾಗೆ ಕಾಣುತ್ತಿತ್ತು.

ಆ ವರ್ಷ ಆಷಾಢದ ಗಾಳಿಯ ಜೊತೆಗೇ ಮೈಸೂರಿನಿಂದ ಊರಿಗೆ ಬಂದವರು ಪಂಡಿತ ಗುಂಡಾಚಾರ್ಯರು. ಮಾತು ಕೂಡಿಸುವುದು ಅವರ ಕೆಲಸ. ಯಾವ ಪುಸ್ತಕದಲ್ಲೂ ಇಲ್ಲದ, ಜನರ ಬಾಯಲ್ಲಿ ಮಾತ್ರ ಇರುವ ಮಾತುಗಳನ್ನು ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಹಳ್ಳಿಗಳಲ್ಲಿ ತಿರುಗಿ ಬರೆದುಕೊಳ್ಳುತ್ತಿದ್ದರು. ಕುಂಬಾರರ ಬಳಿ, ಕುರಿ ಮೇಯಿಸುವವರ ಬಳಿ ಕೂತು ಬರೆದದ್ದಾಗಿತ್ತು. ಅಡುಗೆಮನೆಗೆ, ಬಾಣಂತಿ ಕೋಣೆಗೆ ಅವರು ಹೋಗುವ ಹಾಗಿರಲಿಲ್ಲ. ಶಾಲೆಗೆ ಬಂದು, ಹೆಂಗಸರ ಮಾತುಗಳನ್ನು ನಾನು ಸಂಗ್ರಹಿಸಿ ಕೊಡಬಹುದೇ ಎಂದು ಕೇಳಿದರು. ಒಪ್ಪಿಕೊಂಡೆ. ಒಂದು ಮಾತಿಗೆ ಒಂದು ಚೀಟಿ. ಚೀಟಿಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಜೋಡಿಸಿಡುತ್ತಿದ್ದೆ.

ನನ್ನ ದೊಡ್ಡ ಗಣಿ ಎಂದರೆ ನನ್ನ ಅತ್ತೆಯೇ. ಮೊರದಲ್ಲಿ ಕೇರುವುದು ಬೇರೆ, ಒನೆಯುವುದು ಬೇರೆ, ಗಾಳಿಗೆ ತೂರುವುದು ಬೇರೆ ಎಂದು ಮಾಡಿಯೇ ತೋರಿಸುತ್ತಿದ್ದರು. ಮುದ್ದೆ ತೊಳಸುವಾಗ ಮಡಕೆ ಅಲ್ಲಾಡದ ಹಾಗೆ ಒತ್ತಿ ಹಿಡಿಯುವ ಕವೆಗೋಲಿನ ಹೆಸರು ಚೀಟಿಗೆ ಏರಿದ ದಿನ ಅವರಿಗೆ ನಗು ತಡೆಯಲಾಗಲಿಲ್ಲ. ಇದನ್ನೂ ಬರೆದುಕೊಳ್ಳುತ್ತಾರಾ, ಮೈಸೂರಿನಲ್ಲಿ ಮುದ್ದೆ ಉಣ್ಣುವವರೇ ಇಲ್ಲವಾ ಎಂದು ಕೇಳಿದರು.

ಅದೇ ಹೊತ್ತಿಗೆ ಮೈಸೂರಿನಿಂದಲೇ ಪಾರ್ಥಸಾರಥಿ ಎಂಬ ಲೆಕ್ಚರರು ಬಂದರು. ಮನಶ್ಶಾಸ್ತ್ರ ಓದಿದವರು. ಶಾಲೆಯ ಮಕ್ಕಳಿಗೆ ಚಿತ್ರದ ಕಾರ್ಡುಗಳನ್ನು ತೋರಿಸಿ, ಯಾರಿಗೆ ಎಷ್ಟು ನೆನಪಿರುತ್ತದೆ ಎಂದು ಗಡಿಯಾರ ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದರು. ಊರಿನವರು ಅವರನ್ನು ಮನಸ್ಸು ಅಳೆಯುವ ಮೇಷ್ಟ್ರು ಎಂದು ಕರೆದರು. ಇವರಿಬ್ಬರಿಗೂ ಸ್ನೇಹಿತರಾದವರು ಡಾಕ್ಟರ್ ಗಫಾರ್ ಸಾಹೇಬರು, ಶಿರಾದ ಕಡೆಯವರು. ಯಾವ ಬಾವಿಯ ನೀರು ಕುಡಿದ ಮನೆಗೆ ಯಾವ ಜ್ವರ ಬಂತು ಎಂದು ತಾಲ್ಲೂಕಿನ ನಕ್ಷೆಯನ್ನೇ ಬರೆದಿಟ್ಟುಕೊಂಡಿದ್ದರು. ಸಂಜೆ ಮೂವರೂ ಪ್ರವಾಸಿ ಬಂಗಲೆಯ ಜಗುಲಿಯಲ್ಲಿ ಕೂತು ವಾದ ಮಾಡುವರು. ಚೀಟಿ ಕೊಡಲು ಹೋದಾಗ ನಾನೂ ಸ್ವಲ್ಪ ಹೊತ್ತು ನಿಂತು ಕೇಳುತ್ತಿದ್ದೆ. ಕಲಿತವರ ನಡುವೆ ನಾನೂ ಒಬ್ಬಳು ಎಂಬ ಹೆಮ್ಮೆ ನನಗಿತ್ತು. ಅವರ ವಿದ್ಯೆಗೆ ನಾನೇ ವಿಷಯವಾಗುತ್ತೇನೆ ಎಂದು ಆಗ ಹೇಗೆ ಗೊತ್ತಾಗಬೇಕು?

ಶ್ರಾವಣದಲ್ಲಿ ಜ್ವರ ಬಂತು. ಮೊದಲು ತಲೆನೋವು, ಆಮೇಲೆ ದಿನದಿನಕ್ಕೂ ಏರುವ ಕಾವು. ಡಾಕ್ಟರು ನಾಲಿಗೆ ನೋಡಿ, ಹೊಟ್ಟೆ ಒತ್ತಿ, ವಿಷಮಶೀತ ಜ್ವರ ಎಂದರು. ಇಪ್ಪತ್ತೊಂದು ದಿನ ಗಂಜಿ ಬಿಟ್ಟು ಬೇರೇನೂ ಕೂಡದು ಎಂದು ಅತ್ತೆಗೆ ಹೇಳಿದರಂತೆ. ಆ ದಿನಗಳಲ್ಲಿ ನನಗೆ ನೆನಪಿರುವುದು ಸೂರಿನ ಮೇಲೆ ಬಿದ್ದ ಒಂದು ಮಳೆಯ ಸದ್ದು, ಹಣೆಯ ಮೇಲಿನ ಒದ್ದೆ ಬಟ್ಟೆ, ಇಷ್ಟೇ.

ಒಂದು ಬೆಳಿಗ್ಗೆ ಎಚ್ಚರವಾಯಿತು. ಮೈ ತಣ್ಣಗಿತ್ತು. ಅತ್ತೆ ಎದುರಿಗೆ ಕೂತಿದ್ದರು. ಬಾಯಾರಿತ್ತು. ನೀರು ಕೊಡಿ ಎಂದು ಕೇಳಬೇಕು. ಕೇಳಿದೆ. ನನ್ನ ಕಿವಿಗೆ ಬಿದ್ದದ್ದು "ನೀಳ್ಳು" ಎಂಬ ಮಾತು.

ಅತ್ತೆ ನಕ್ಕರು. ಜ್ವರದ ಮಂಪರು ಅಂದುಕೊಂಡಿರಬೇಕು. ನಾನು ಮತ್ತೆ ಪ್ರಯತ್ನಿಸಿದೆ. ಮತ್ತೆ ತೆಲುಗೇ ಬಂತು. ಬೇರೆ ಏನಾದರೂ ಹೇಳೋಣವೆಂದು ನೋಡಿದರೆ ಅದೂ ತೆಲುಗು. ಅತ್ತೆಯ ನಗು ನಿಂತಿತು. ಅವರಿಗೆ ತೆಲುಗು ಬಾರದು. ನಾನು ತೆಲುಗು ಮಾತಾಡಿದ್ದನ್ನು ಅವರು ಯಾವತ್ತೂ ಕೇಳಿರಲಿಲ್ಲ. ನಾನೂ ಆ ಭಾಷೆಯನ್ನು ಹದಿನಾರು ವರ್ಷದಿಂದ ಆಡಿರಲಿಲ್ಲ. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ನನ್ನನ್ನು ಪಾವಗಡದ ಆಚೆಯ ಹಳ್ಳಿಯಲ್ಲಿ ತಾಯಿಯ ತಾಯಿ ಸಾಕಿದ್ದಳು. ಆ ಮನೆಯಲ್ಲಿ ತೆಲುಗು ಬಿಟ್ಟರೆ ಬೇರೆ ಮಾತಿರಲಿಲ್ಲ. ನನಗೆ ಎಂಟು ತುಂಬಿದಾಗ ಅಜ್ಜಿ ಸತ್ತಳು, ತಂದೆ ನನ್ನನ್ನು ಕರೆದುಕೊಂಡು ಬಂದರು, ಆ ಭಾಷೆ ಅಲ್ಲೇ ಉಳಿಯಿತು ಎಂದುಕೊಂಡಿದ್ದೆ.

ಎಲ್ಲಕ್ಕಿಂತ ಭಯಂಕರವಾದದ್ದೇನೆಂದರೆ, ಅತ್ತೆ ಆಡುವ ಒಂದೊಂದು ಮಾತೂ ನನಗೆ ತಿಳಿಯುತ್ತಿತ್ತು. ಕನ್ನಡ ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಹೇಳಬೇಕಾದ ಮಾತು ಇಲ್ಲೇ, ನಾಲಿಗೆಯ ಬುಡದಲ್ಲೇ ಇದೆ ಅನ್ನಿಸುವುದು. ಬಾಯಿ ತೆರೆದರೆ ಅದರ ಜಾಗದಲ್ಲಿ ಬೇರೆಯದು ನಿಂತಿರುವುದು. ಬಲಗೈಗೂ ಶಕ್ತಿಯಿರಲಿಲ್ಲ. ಬರೆದು ತೋರಿಸೋಣವೆಂದು ಎಡಗೈಯಲ್ಲಿ ಬಳಪ ಹಿಡಿದೆ. ಸ್ಲೇಟಿನ ಮೇಲೆ ಗೀಟು ಬಿತ್ತು, ಅಕ್ಷರ ಬೀಳಲಿಲ್ಲ. ಮೂಲೆಯಲ್ಲಿದ್ದ ಒಂದನೆಯ ತರಗತಿಯ ಪುಸ್ತಕ ಬಿಡಿಸಿದೆ. ನಾನೇ ದಿನವೂ ಪಾಠ ಮಾಡುತ್ತಿದ್ದ ಪುಟ. ಅಕ್ಷರಗಳ ಜಾಗದಲ್ಲಿ ಇರುವೆಗಳು ಸಾಲಾಗಿ ಹೋಗುತ್ತಿದ್ದವು. ಪುಸ್ತಕ ಮುಚ್ಚಿ ಗೋಡೆಗೆ ಮುಖ ಮಾಡಿ ಮಲಗಿದೆ. ಮೇಷ್ಟರಮ್ಮನಿಗೆ ಓದಲು ಬಾರದಿದ್ದರೆ ಅವಳು ಯಾರು?

ನಾಲ್ಕು ದಿನಕ್ಕೆ ಬೀದಿಗೆಲ್ಲ ಸುದ್ದಿ ಹಬ್ಬಿತು. ಪಕ್ಕದ ಮನೆಯಾಕೆಗೆ ಸ್ವಲ್ಪ ತೆಲುಗು ಬರುತ್ತಿತ್ತು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಹೋದವಳು, ಇದು ಹರೆಯದ ಹೆಂಗಸು ಆಡುವ ತೆಲುಗಲ್ಲ, ಹಳೇ ಮುದುಕಿಯರ ಮಾತು ಎಂದು ಹೇಳಿದಳಂತೆ. ಅದು ನಿಜವೇ. ನನಗಿದ್ದದ್ದು ಅಜ್ಜಿಯ ತೆಲುಗು ಮಾತ್ರ. ಅವಳ ಬೈಗುಳ, ಅವಳ ರಾಗ. ಸತ್ತ ಅಜ್ಜಿ ಮೊಮ್ಮಗಳ ಮೈಯಲ್ಲಿ ಬಂದಿದ್ದಾಳೆ ಎಂದು ಊರು ತೀರ್ಮಾನಿಸಿತು. ನನ್ನ ಶಾಲೆಯ ಹುಡುಗಿಯರು ನಮ್ಮ ಮನೆ ಹತ್ತಿರ ಬಂದಾಗ ಬೀದಿಯ ಆಚೆ ಬದಿಗೆ ಸರಿದು, ಬಾಗಿಲು ದಾಟಿದ ಮೇಲೆ ಓಡುವುದನ್ನು ಕಿಟಕಿಯಿಂದ ನೋಡಿದೆ. ಮೊನ್ನೆಯವರೆಗೆ ನನ್ನ ಸೆರಗು ಹಿಡಿದು ನಡೆದ ಮಕ್ಕಳು.

ಆಮೇಲೆ ಒಂದು ಹೊತ್ತು ನನಗೇ ಅನುಮಾನ ಬಂತು. ಬಾಯಿಂದ ಹೊರಡುವ ದನಿ ನಿಜವಾಗಿಯೂ ಅವಳದೇ ಆಗಿತ್ತು. ಹಾಗಾದರೆ ಕೇಳುತ್ತಿರುವ ನಾನು ಯಾರು? ಒಳಗೆ ಎಷ್ಟು ಜಾಗ ನನಗೆ ಉಳಿದಿದೆ? ಅವತ್ತಿನಿಂದ ಬಾಯಿ ತೆರೆಯುವುದನ್ನೇ ಬಿಟ್ಟೆ. ತೆರೆದರೆ ಸಾಕ್ಷಿ ಹೊರಗೆ ಬೀಳುತ್ತಿತ್ತು.

ಡಾಕ್ಟರು ಪಂಡಿತರನ್ನೂ ಮನಸ್ಸಿನ ಮೇಷ್ಟ್ರನ್ನೂ ಕರೆದುಕೊಂಡು ಬಂದರು. ನನ್ನನ್ನು ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದರು. ಮೂವರೂ ನನ್ನ ಎದುರಿಗೇ ನನ್ನ ವಿಷಯ ಮಾತಾಡಿದರು. ಜ್ವರದ ವಿಷ ಮಿದುಳಿನ ಎಡ ಪಕ್ಕಕ್ಕೆ ಏಟು ಕೊಟ್ಟಿದೆ, ಬಲಗೈ ಸೋತಿರುವುದೇ ಗುರುತು ಎಂದು ಡಾಕ್ಟರ ಅಭಿಪ್ರಾಯ. ಮೊದಲು ಕಲಿತದ್ದು ತಳದಲ್ಲಿರುತ್ತದೆ, ಮೇಲಿನದು ಕೊಚ್ಚಿಹೋದಾಗ ತಳದ್ದು ಕಾಣುತ್ತದೆ ಎಂದು ಪಂಡಿತರು. ಪಾರ್ಥಸಾರಥಿಯವರು ಬೇರೆ ದಾರಿ ಹಿಡಿದರು. ಗಂಡ ಸತ್ತ ದುಃಖವೆಲ್ಲ ಈಕೆಗೆ ಕನ್ನಡದಲ್ಲಿದೆ. ಮನಸ್ಸು ಆ ಕೋಣೆಯ ಬಾಗಿಲನ್ನೇ ಹಾಕಿಕೊಂಡಿರಬಹುದು ಎಂದರು. ಇನ್ನೂ ಹದಿನೈದು ದಿನ ಹೀಗೇ ಇದ್ದರೆ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಕಳಿಸಿ ತೋರಿಸುವುದು ಒಳ್ಳೆಯದು ಎಂದೂ ಸೇರಿಸಿದರು. ಹುಚ್ಚರ ನಡುವೆ ನಾನು ತೆಲುಗಿನಲ್ಲಿ ಕೂಗುತ್ತಿರುವುದು ಕಣ್ಣಿಗೆ ಕಟ್ಟಿತು.

ಮಕ್ಕಳಿಗೆ ತೋರಿಸುತ್ತಿದ್ದ ಕಾರ್ಡುಗಳನ್ನೇ ನನ್ನ ಮುಂದೆ ಹಿಡಿದರು. ಕೊಡೆಯ ಚಿತ್ರ. ನಾನು ಕಷ್ಟಪಟ್ಟು ಬಾಯಿ ತೆರೆದರೆ "ಗೊಡುಗು" ಎಂದು ಬಂತು. ಬೀಗಕ್ಕೆ "ತಾಳಮು". ಕೋಳಿಗೆ "ಕೋಡಿ". ಪಂಡಿತರು ತಟ್ಟನೆ ಕಾಗದ ತೆಗೆದು ಬರೆದುಕೊಳ್ಳತೊಡಗಿದರು. ಪಾವಗಡದ ಗಡಿಯ ತೆಲುಗು ಇಷ್ಟು ಶುದ್ಧವಾಗಿ ಅವರಿಗೆ ಎಲ್ಲೂ ಸಿಕ್ಕಿರಲಿಲ್ಲವಂತೆ. ಅವರ ಮುಖದಲ್ಲಿ ಸಂತೋಷವಿತ್ತು. ಕೆಟ್ಟವರಲ್ಲ ಅವರು. ಆದರೆ ಆ ಸಂತೋಷವನ್ನು ಕಂಡು ನನಗಾದ ಹೆದರಿಕೆ ಊರಿನವರ ಪಿಸುಮಾತಿನಿಂದಲೂ ಆಗಿರಲಿಲ್ಲ.

ಕೊನೆಗೆ ಪಾರ್ಥಸಾರಥಿಯವರು ನನ್ನ ಗಂಡನ ಹೆಸರೇನು ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಮತ್ತೆ ಕೇಳಿದರು. ಗಡಿಯಾರ ನೋಡಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಅಡುಗೆಮನೆ ಬಾಗಿಲಿಂದ ಅತ್ತೆಯ ದನಿ ಬಂತು.

"ಅದುನ್ನ ಅವಳು ಜ್ವರ ಬರೋಕ್ ಮುಂಚೆನೂ ಹೇಳ್ತಿರ್ಲಿಲ್ಲ ಸ್ವಾಮಿ. ಗಂಡನ ಹೆಸರು ಯಾರ್ ಹೇಳ್ತಾರೆ?"

ಮೇಷ್ಟ್ರು ಕೆಂಪಾಗಿ, ಬರೆದದ್ದನ್ನು ಹೊಡೆದುಹಾಕಿದರು. ಡಾಕ್ಟರು ಮೀಸೆಯಲ್ಲೇ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಅವರು ಕಾರ್ಡುಗಳನ್ನೇ ನೋಡುತ್ತಿದ್ದರು.

ಭಾದ್ರಪದ ಕಳೆಯುವ ಹೊತ್ತಿಗೆ ಸುದ್ದಿ ಪುರವರಕ್ಕೂ ಮುಟ್ಟಿತು. ನನ್ನ ಭಾವ, ಎಂದರೆ ಯಜಮಾನರ ಅಣ್ಣ ಚನ್ನಬಸಪ್ಪನವರು ಬಂದು ಜಗುಲಿಯಲ್ಲಿ ಕೂತರು. ಒಳಗೆ ಬರಲಿಲ್ಲ. ಗಡಿಯ ಆಚೆ ಒಬ್ಬ ದೆವ್ವ ಬಿಡಿಸುವವನಿದ್ದಾನೆ, ನಾಡಿದ್ದು ಅಮಾವಾಸ್ಯೆ, ಬೆಳಿಗ್ಗೆ ಗಾಡಿ ತರುತ್ತೇನೆ ಎಂದು ತಾಯಿಗೆ ಹೇಳಿದರು. ಅವನು ಏನು ಮಾಡುತ್ತಾನೆ ಎನ್ನುವುದನ್ನೂ ಹೇಳಿದರು. ಕೂದಲನ್ನು ಮರಕ್ಕೆ ಮೊಳೆ ಹೊಡೆದು ಕಟ್ಟುತ್ತಾನೆ, ಹುಣಸೆ ಬರಲಿನಲ್ಲಿ ಹೊಡೆಯುತ್ತಾನೆ, ಮೈಯಲ್ಲಿರುವುದು ತನ್ನ ಹೆಸರು ಹೇಳಿ ಹೋಗುವ ತನಕ ನೀರು ಕೊಡುವುದಿಲ್ಲ. ಹೋದ ವರ್ಷ ಒಬ್ಬಳು ಅಲ್ಲಿಯೇ ಸತ್ತಳಂತೆ. ಅದನ್ನೂ ಮರೆಮಾಚಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಪ್ರತಿಯೊಂದು ಮಾತನ್ನೂ ಕೇಳಿದೆ. ನಾನು ಬರುವುದಿಲ್ಲ ಎಂದು ಹೇಳಬೇಕು. ಹೇಳಿದರೆ ಯಾವ ಭಾಷೆಯಲ್ಲಿ ಹೇಳುತ್ತೇನೆ?

ಅತ್ತೆ ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮಗನಿಗೆ ರೊಟ್ಟಿ ಕಟ್ಟಿ ಕಳಿಸಿದರು.

ಮಾರನೆಯ ಮಧ್ಯಾಹ್ನ ಅವರು ಬೀದಿ ಬಾಗಿಲು ಹಾಕಿ ಅಗುಳಿ ಇಟ್ಟರು. ಹಿತ್ತಲ ಬಾಗಿಲನ್ನೂ ಹಾಕಿದರು. ಹೊರಗೆ ಮೋಡ ಕಟ್ಟಿತ್ತು, ಮನೆಯೊಳಗೆ ಮಬ್ಬು. ನನ್ನ ಎದುರಿಗೆ ಬಂದು ಕೂತರು. ಅವರ ಕೈ ಮಾತ್ರ ನನ್ನನ್ನು ಮುಟ್ಟಲಿಲ್ಲ. ಇಷ್ಟು ದಿನ ನನ್ನ ಬಾಯಿಗೆ ಗಂಜಿ ಹಾಕಿದ ಕೈ. ಅವರಿಗೂ ನಾನು ಯಾರೆಂದು ಗೊತ್ತಿಲ್ಲ ಎನ್ನುವುದು ಆಗಲೇ ನನಗೆ ಹೊಳೆದದ್ದು.

"ಆ ಮೇಷ್ಟ್ರು ಚಿತ್ರ ತೋರ್ಸಿ ತೋರ್ಸಿ ಕೇಳುದ್ರಲ್ಲ," ಎಂದರು, "ಅಂಗೆ ನಾನೂ ಒಂದ್ ಕೇಳ್ತೀನಿ. ನೀನು ಬಾಯಲ್ಲಿ ಹೇಳ್ಬೇಡ. ನನ್ ಮಗನ್ನ ಮಣ್ಣು ಮಾಡ್ದಾಗ ಅವನ ಬಟ್ಟೆ ಎಲ್ಲಾ ಕೊಟ್ಬುಟ್ವಿ. ಒಂದು ಅಂಗಿ ಕಮ್ಮಿ ಬಂತು. ಎಲ್ಲೈತೆ ಅದು? ಪಾವಗಡದ ಮುದುಕಿ ನಿನ್ ಮದ್ವೆಗ್ ಮುಂಚೆ ಸತ್ಳು. ಅವಳಿಗೆ ಗೊತ್ತಿರಾಕಿಲ್ಲ. ನನ್ ಸೊಸೆಗೆ ಗೊತ್ತಿರ್ತೈತೆ."

ಅದು ಯಾರಿಗೂ ತಿಳಿಯದೆಂದು ನಾನು ನಂಬಿಕೊಂಡಿದ್ದ ವಿಷಯ. ಸತ್ತವರ ಬಟ್ಟೆ ಇಟ್ಟುಕೊಳ್ಳಬಾರದು, ನಾನು ಇಟ್ಟುಕೊಂಡಿದ್ದೆ. ಮೆಲ್ಲಗೆ ಗೋಡೆ ಹಿಡಿದು ಎದ್ದೆ. ನನ್ನ ತಲೆದಿಂಬನ್ನು ತಂದು ಅವರ ಮುಂದಿಟ್ಟು, ಎಡಗೈಯಲ್ಲಿ ಹೊಲಿಗೆ ಎಳೆದೆ. ಬಿಚ್ಚಲಿಲ್ಲ. ಹಲ್ಲಿನಲ್ಲಿ ಕಚ್ಚಿ ಹರಿದೆ. ಹತ್ತಿಯ ನಡುವೆ ಮಡಿಸಿಟ್ಟಿದ್ದ ಅಂಗಿಯನ್ನು ಎಳೆದು ಅವರ ಮಡಿಲಿಗೆ ಹಾಕಿದೆ.

ಅತ್ತೆ ಅದನ್ನು ಬಿಡಿಸಲಿಲ್ಲ. ಅದರ ಮೇಲೆ ಕೈಯಿಟ್ಟು ಕೂತರು.

"ನಂಗೊತ್ತಿತ್ತು," ಎಂದರು. "ದಿಂಬು ಬಿಸ್ಲಿಗೆ ಹಾಕ್ದಾಗೆಲ್ಲ ಕೈಗೆ ಸಿಕ್ತಿತ್ತು. ಇಟ್ಕಳ್ಲಿ ಬುಡು ಅಂತ ಸುಮ್ಕಿದ್ದೆ."

ಆಮೇಲೆ ನನ್ನ ತಲೆಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಜ್ವರ ಬಿಟ್ಟ ಮೇಲೆ ಅವತ್ತೇ ನಾನು ಮೊದಲು ಅತ್ತದ್ದು. ಅಳುವುದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಗಾಡಿ ಬಂತು. ಎತ್ತಿನ ಗಂಟೆಯ ಸದ್ದು ಕೇಳಿದೊಡನೆ ನಾನು ಅಡುಗೆಮನೆಯ ಮೂಲೆಗೆ ಸರಿದು, ರಾಗಿ ತುಂಬುವ ದೊಡ್ಡ ಮಣ್ಣಿನ ವಾಡೆಯ ಹಿಂದೆ ಕೂತುಕೊಂಡೆ. ಭಾವನ ಜೊತೆ ಇನ್ನಿಬ್ಬರು ಗಂಡಸರಿದ್ದರು. ಹಗ್ಗವೂ ಇತ್ತು ಎಂದು ಆಮೇಲೆ ತಿಳಿಯಿತು. ಬೀದಿಯ ಜನ ಸೇರಿದ್ದರು. ಅತ್ತೆ ಹೊಸಿಲಿನ ಮೇಲೆ ಕೂತಿದ್ದರು. ಎರಡೂ ಕೈ ಬಾಗಿಲ ತೋಳುಗಳ ಮೇಲೆ.

ಭಾವ ತಾಯಿಯನ್ನು ಬೇಡಿಕೊಂಡರು. ತನ್ನ ಇಬ್ಬರು ಹೆಣ್ಣುಮಕ್ಕಳು ಮದುವೆಗೆ ನಿಂತಿದ್ದಾರೆ, ದೆವ್ವ ಹೊಕ್ಕ ಮನೆತನ ಎಂದು ಹೆಸರಾದರೆ ಯಾರು ಹೆಣ್ಣು ಕೇಳುತ್ತಾರೆ ಎಂದರು. ಅವರ ಹೆದರಿಕೆಯೂ ಸುಳ್ಳಲ್ಲ. ಅತ್ತೆ ಎಲ್ಲವನ್ನೂ ಕೇಳಿ, ದನಿ ಏರಿಸದೆ ಮಾತಾಡಿದರು.

"ದೆವ್ವ ಅಲ್ಲ ಕಣ್ಲಾ ಚನ್ನ. ನಾನು ಕೇಳಿ ನೋಡ್ಕಂಡಿವ್ನಿ. ನನ್ ಸೊಸೇನೆ. ಮಾತು ಎಲ್ಲೋ ಸಿಕ್ಕಾಕ್ಕೊಂಡೈತೆ, ಬತ್ತೈತೆ. ಕರ್ಕೊಂಡೋಗದಾದ್ರೆ ನನ್ನುನ್ನ ತುಳ್ಕೊಂಡ್ ಒಳಿಕ್ ಬಾ."

ಭಾವ ಹೊಸಿಲಿಗೆ ಕಾಲಿಡಲಿಲ್ಲ. ತಾಯಿಯನ್ನು ದಾಟುವ ಮಗ ಅವರಲ್ಲ. ಅಷ್ಟರಲ್ಲಿ ಡಾಕ್ಟರು ಸೈಕಲ್ಲು ತಳ್ಳಿಕೊಂಡು ಬಂದರು. ಅತ್ತೆಯೇ ಹೇಳಿ ಕಳಿಸಿದ್ದರಂತೆ. ಅವರು ಭಾವನನ್ನು ಪಕ್ಕಕ್ಕೆ ಕರೆದು, ಬಲಗೈ ಸೋತಿರುವುದರ ವಿಷಯ, ಮಿದುಳಿನ ಏಟಿನ ವಿಷಯ ನಿಧಾನವಾಗಿ ವಿವರಿಸಿದರು. ದೀಪಾವಳಿಯ ತನಕ ಸಮಯ ಕೊಡಿ, ಜವಾಬ್ದಾರಿ ನನ್ನದು ಎಂದರು. ಗಾಡಿ ತಿರುಗಿತು. ಅದರ ಗಂಟೆ ಬೀದಿಯ ತುದಿ ದಾಟಿ ಕೇಳದಾದ ಮೇಲೂ ನಾನು ವಾಡೆಯ ಹಿಂದಿನಿಂದ ಏಳಲಿಲ್ಲ.

ಒಳಗೆ ಬಂದ ಡಾಕ್ಟರಿಗೆ ಅತ್ತೆ ಅಂಗಿಯ ಕತೆ ಹೇಳಿದರು. ಅವರು ಕೇಳುತ್ತ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನೆನಪು ಸರಿಯಾಗಿದೆ, ಬುದ್ಧಿ ಸರಿಯಾಗಿದೆ, ಕೆಟ್ಟಿರುವುದು ಮಾತಿನ ದಾರಿ ಮಾತ್ರ ಎಂದು ಇದರಿಂದ ಖಚಿತವಾಯಿತು ಎಂದರು. ಬೆಂಗಳೂರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಆದರೆ ಕನ್ನಡ ಬರಲಿಲ್ಲ. ಹಸ್ತೆ ಮಳೆ ಬಂದು ಹೋಯಿತು. ಬೆಟ್ಟದ ಮೈಮೇಲೆ ನೀರಿನ ಗೆರೆಗಳು ಹೊಳೆದು ಒಣಗಿದವು. ದೀಪಾವಳಿಗೆ ಎಷ್ಟು ದಿನ ಉಳಿಯಿತೆಂದು ನಾನು ದಿನವೂ ಬೆರಳು ಮಡಿಸುತ್ತಿದ್ದೆ. ಡಾಕ್ಟರು ಕೈಗೆ ವ್ಯಾಯಾಮ ಹೇಳಿಕೊಟ್ಟರು. ಸಿದ್ಧರ ಬೆಟ್ಟದ ಬೇರು ಹಾಕಿ ಕಾಯಿಸಿದ ಎಣ್ಣೆಯಲ್ಲಿ ಅತ್ತೆ ಅದೇ ಕೈಯನ್ನು ತಿಕ್ಕಿದರು. ಪಾರ್ಥಸಾರಥಿಯವರು ಗಡಿಯಾರ ಬಿಟ್ಟು ಬರತೊಡಗಿದರು. ಅವಸರ ಬೇಡ, ಹೆದರಿದಷ್ಟೂ ಮಾತು ಹಿಂದೆ ಸರಿಯುತ್ತದೆ ಎಂದರು. ಅದು ನನಗೂ ಗೊತ್ತಿತ್ತು. ಹೆದರದೆ ಇರುವುದು ಹೇಗೆ ಎನ್ನುವುದು ಅವರಿಗೂ ಗೊತ್ತಿರಲಿಲ್ಲ.

ಆಗ ಕಡಲೆಕಾಯಿ ಕೀಳುವ ಕಾಲ. ಪುರವರದಿಂದ ಬಂದಿದ್ದ ಒಂದು ಮೂಟೆಯನ್ನು ಅತ್ತೆ ಹಿತ್ತಲಲ್ಲಿ ಹರವಿದ್ದರು. ನನ್ನನ್ನು ಕಾವಲಿಗೆ ಕೂರಿಸಿ ಒಳಗೆ ರಾಗಿ ಕೇರುತ್ತಿದ್ದರು. ಬಿಸಿಲಿಗೆ ತೂಕಡಿಕೆ ಬಂದಿರಬೇಕು. ಕಣ್ಣು ಬಿಟ್ಟರೆ ಯಾರದೋ ಮೇಕೆ ರಾಶಿಗೆ ಬಾಯಿ ಹಾಕಿದೆ. ಎದ್ದು ಕೈ ಬೀಸಿದೆ.

"ಥೂ, ನಿನ್ ಮನೆ ಹಾಳಾಗ."

ಮೇಕೆ ಓಡಿತು. ಒಳಗೆ ಮೊರ ಬಿದ್ದ ಸದ್ದಾಯಿತು. ಅತ್ತೆ ಬಾಗಿಲಿಗೆ ಬಂದು ನಿಂತರು. ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದೆ, ಆ ಮಾತು ವಾಪಸು ಒಳಗೆ ಹೋಗಿಬಿಡುತ್ತದೋ ಎಂಬ ಭಯದಿಂದ. ಜನ್ಮದಲ್ಲಿ ಯಾರಿಗೂ ಬೈಯದ ಮೇಷ್ಟರಮ್ಮನ ಬಾಯಿಗೆ ಮೊದಲು ಬಂದ ಕನ್ನಡ ಅದು. ಅತ್ತೆ ನಗುತ್ತ ಅಳುತ್ತ, ಇನ್ನೊಂದು ಸಲ ಬೈಯಿ ಎಂದರು. ಬೇಕೆಂದು ಬೈಯಲು ಹೋದರೆ ಬರಲಿಲ್ಲ. ಸಂಜೆಗೆ ಕಾಗೆಯನ್ನು ಓಡಿಸುವಾಗ ಮತ್ತೆ ಬಂತು.

ಸುದ್ದಿ ತಿಳಿದ ಪಂಡಿತರು ಮರುದಿನ, ಜ್ವರಕ್ಕೆ ಮುಂಚೆ ನಾನು ಅವರಿಗೆ ಕೊಟ್ಟಿದ್ದ ಬಿಸ್ಕತ್ತಿನ ಡಬ್ಬಿಯನ್ನು ತಂದರು. ನನ್ನ ಅಕ್ಷರದ ಚೀಟಿಗಳನ್ನು ಒಂದೊಂದಾಗಿ ತೆಗೆದು ಗಟ್ಟಿಯಾಗಿ ಓದುವುದು, ಅತ್ತೆ ಆ ಸಾಮಾನನ್ನು ನನ್ನ ಎಡಗೈಗೆ ಕೊಡುವುದು, ನಾನು ಅವರ ತುಟಿ ನೋಡುತ್ತ ಹೇಳುವುದು. ಮೊರ. ಒನಕೆ. ಕವೆಗೋಲು. ದಿನವೂ ಶಾಲೆ ಬಿಡುವ ಹೊತ್ತಿಗೆ ಬಂದು ಕತ್ತಲಾಗುವ ಮುಂಚೆ ಹೋಗುತ್ತಿದ್ದರು. ಮೊದಲ ದಿನವೇ ಅವರು ಒಂದು ಮಾತು ಹೇಳಿದರು: "ತಾಯಿ, ಅವತ್ತು ನಾನು ನಿಮ್ಮ ಕಷ್ಟ ನೋಡಲಿಲ್ಲ, ನಿಮ್ಮ ತೆಲುಗು ನೋಡಿದೆ. ಕ್ಷಮಿಸಬೇಕು." ತಲೆಯಾಡಿಸಿದೆ. ಅವರು ಹೊಸ ಕಾಗದವನ್ನು ನನ್ನೆದುರು ಮತ್ತೆ ತೆಗೆಯಲಿಲ್ಲ.

ಮಾತುಗಳು ಕ್ರಮವಾಗಿ ಬರಲಿಲ್ಲ. ಬೈಗುಳ ಬಂತು, ಎಣಿಕೆ ಬಂತು, ವಾರದ ಹೆಸರು ಬಂತು, ಅಡುಗೆಮನೆ ಬಂತು. ಎಷ್ಟೋ ದಿನ 'ನಾನು' ಎನ್ನುವುದು ಬರಲಿಲ್ಲ. ದೀಪಾವಳಿಗೆ ಭಾವ ಬಂದಾಗ ಬಾಗಿಲಿಗೆ ಹೋಗಿ, ಮುಂಚಿನಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಎರಡೇ ಮಾತು ಹೇಳಿದೆ: "ಬನ್ನಿ ಭಾವ." ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕೂತವರು ಮುಖಕ್ಕೆ ಟವಲು ಒತ್ತಿಕೊಂಡು, ನೀರು ಬೇಕು ಎಂದರು. ನಾನೇ ತಂದುಕೊಟ್ಟೆ.

ಕಾರ್ತಿಕ ಮುಗಿಯುವಾಗ ಶಾಲೆಗೆ ಹೋದೆ. ಮೊದಲ ವಾರ ಹುಡುಗಿಯರು ಹಿಂದಿನ ಸಾಲಿನಲ್ಲಿ ಒತ್ತಿ ಕೂತರು. ಇನ್ಸ್‌ಪೆಕ್ಟರು ತನಿಖೆಗೆ ಬಂದ ದಿನ ಪುಸ್ತಕ ಹಿಡಿದು ನಿಂತಾಗ ಅಕ್ಷರಗಳು ಎಲ್ಲಿ ಮತ್ತೆ ಹರಿದಾಡುತ್ತವೋ ಎಂಬ ಭಯವಿತ್ತು. ಬೆರಳಿಟ್ಟುಕೊಂಡು ಒಂದು ಪುಟ ಓದಿದೆ. ನಿಧಾನವಾಗಿ ಓದುತ್ತೀರಿ, ಮಕ್ಕಳಿಗೆ ಅದೇ ಒಳ್ಳೆಯದು ಎಂದು ಬರೆದು ಹೋದರು. ಮೂವರು ವಿದ್ವಾಂಸರೂ ಆ ವರ್ಷದೊಳಗೆ ಒಬ್ಬೊಬ್ಬರಾಗಿ ಊರು ಬಿಟ್ಟರು. ಬಲಗೈಯ ಬರಹ ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ. ಕನ್ನಡ ತುಂಬಿಕೊಂಡಷ್ಟೂ ತೆಲುಗು ಹಿಂದೆ ಸರಿಯಿತು. ಅಜ್ಜಿಯ ದನಿ ಹೇಗಿತ್ತೆಂದು ಈಗ ಕೇಳಿದರೆ ಹೇಳಲಾರೆ.

ತನಿಖೆ ಮುಗಿದ ಆ ಸಂಜೆ ಅತ್ತೆ ಹಿತ್ತಲ ಕಲ್ಲಿನ ಮೇಲೆ ಕೂತು ನನ್ನ ತಲೆ ಬಾಚುತ್ತಿದ್ದರು. ಜ್ವರಕ್ಕೆ ಉದುರಿ ಹೋಗಿದ್ದ ಕೂದಲು ಆಗ ತಾನೇ ಚಿಗುರುತ್ತಿತ್ತು. ಬಹಳ ದಿನದಿಂದ ಕೇಳಬೇಕು ಅಂತಿದ್ದೆ ಎಂದರು. ಜ್ವರ ಇಳಿದ ಮೇಲೆ ಅವರ ಕೈ ಹಿಡಿದುಕೊಂಡು ನಾನು ದಿನವೂ ಒಂದೇ ಮಾತನ್ನು ತೆಲುಗಿನಲ್ಲಿ ಹೇಳುತ್ತಿದ್ದೆನಂತೆ. ಬಾಯಿ ಮುಚ್ಚಿಕೊಂಡ ದಿನದವರೆಗೂ ಹೇಳಿದೆನಂತೆ. ಅದೇನು?

ನನಗೆ ನೆನಪಿತ್ತು. ಆ ಭಾಷೆಯಲ್ಲಿ ಕೊನೆಗೆ ಉಳಿದಿದ್ದದ್ದು ಅದೊಂದೇ. "ಭಯಮೇಸ್ತಾಂದಿ, ಪೋವೊದ್ದು," ಎಂದೆ. ಅದರ ಅರ್ಥ ಹೆದರಿಕೆಯಾಗುತ್ತದೆ, ಹೋಗಬೇಡಿ ಎಂದು ಅವರಿಗೆ ಹೇಳಿದೆ.

ಬಾಚಣಿಗೆ ನಿಂತಿತು.

"ನಂಗ್ ಬರೋ ತೆಲುಗು 'ಪೋ' ಅನ್ನೋದು ಒಂದೇ ಕಣಮ್ಮ," ಎಂದರು ಅತ್ತೆ. "ಹೋಗು ಹೋಗು ಅಂತಿದೀಯ ಅನ್ಕೊಂಡಿದ್ದೆ. ಅಂದ್ರೂ ಎಲ್ಲಿಗೋಗ್ಲಿ ನಿನ್ನ ಬುಟ್ಟು ಅಂತ ಅಲ್ಲೇ ಕುಂತ್ಕಂಡೆ."